ಪಾಲಾದ ಕ್ಲಾಂಪು

ನಾನು ಕೆಲಸಕ್ಕಿದ್ದ ಬೋರ್ ಮೋಟಾರ್ ರಿಪೇರಿ ಕಂಪನಿ ಭಾಗ್ಯನಗರದಲ್ಲಿತ್ತು. ಕಂಪನಿ ಅಂದರೆ ಒಂದು ತಗಡಿನ ಶೆಡ್ಡು, ಒಂದು ಬೋರ್ಡು, ಇಬ್ಬರು ಅಣ್ಣತಮ್ಮಂದಿರು. ಅವರ ಅಪ್ಪ ಕಟ್ಟಿದ್ದು. ಅಪ್ಪ ತೀರಿದ ಮೇಲೆ ಹಿರಿಯರನ್ನು ಕೂಡಿಸಿ ಪಾಲು ಮಾಡಿಕೊಂಡರು. ಗಿರಾಕಿ ತಪ್ಪಬಾರದೆಂದು ಬೋರ್ಡು ಮಾತ್ರ ಹಾಗೇ ಬಿಟ್ಟರು. ಶೆಡ್ಡಿನ ನಡುವೆ ತಗಡು ಬಡಿದು, ಸಾಮಾನನ್ನೆಲ್ಲ ಅರ್ಧರ್ಧ ಹಂಚಿಕೊಂಡರು. ಅವತ್ತಿನಿಂದ ಮಾತೂ ಬಂದ್. ಆಳುಗಳಾದ ನಾನು ಮತ್ತು ನಮ್ಮ ಕಾಕಾ ಇಬ್ಬರಿಗೂ ಸೇರಿದವರು. ಯಾರು ಕರೆಯುತ್ತಾರೋ ಅವರ ಸಾಮಾನು ಹೊತ್ತು ಹೋಗಬೇಕು.

ಪೈಪು ಹಿಡಿಯುವ ಕಬ್ಬಿಣದ ಕ್ಲಾಂಪು ಎರಡಿದ್ದವು. ಅವನಿಗೊಂದು ಇವನಿಗೊಂದು ಅಂದರು ಹಿರಿಯರು. ಅವರಿಗೆ ಅದೇನೆಂದು ಗೊತ್ತಿರಲಿಲ್ಲ, ಬಿಡಿ. ಅಣ್ಣತಮ್ಮಂದಿರಿಗೆ ಗೊತ್ತಿತ್ತಲ್ಲ! ಬೋರಿನಿಂದ ಪಂಪು ಎತ್ತುವಾಗ ಒಂದು ಕ್ಲಾಂಪು ಮೇಲಿನ ಪೈಪನ್ನು ಚೈನಿಗೆ ಕಟ್ಟಿ ಎಳೆಯುತ್ತದೆ. ಇನ್ನೊಂದು ಬೋರಿನ ಬಾಯಿಯಲ್ಲಿ ಕೂತು ಕೆಳಗಿನ ಪೈಪುಗಳು ಒಳಗೆ ಬೀಳದಂತೆ ಹಿಡಿಯುತ್ತದೆ. ಒಂದೇ ಇದ್ದರೆ ಅದು ಕೆಲಸಕ್ಕೆ ಬಾರದ ಕಬ್ಬಿಣ.

ಹೊಸದೊಂದು ಮಾಡಿಸಿ ಎಂದು ದೊಡ್ಡ ಸಾಹುಕಾರನಿಗೆ ಹೇಳಿದೆ. ವೆಲ್ಡಿಂಗ್ ಅಂಗಡಿಯವನು ಚಹಾ ಕುಡಿದು ಬರುವಷ್ಟರಲ್ಲಿ ಮಾಡಿಕೊಡುತ್ತಾನೆ.

"ನಾ ಹೊಸಾದ ಮಾಡಿಸಿದ್ರ ಅವ ಗೆದ್ದಂಗಾಗ್ತೈತಿ," ಅಂದ.

ಸಣ್ಣವನಿಗೂ ಹೇಳಿದೆ. ಅವನೂ ಅದನ್ನೇ ಅಂದ.

ಹಿಂಗಿರುವಾಗ ಕನಕಗಿರಿ ಹತ್ತಿರದಿಂದ ದೊಡ್ಡವನಿಗೆ ಫೋನು ಬಂತು. ಒಬ್ಬಾಕೆ ಹಸಿರು ಪರದೆ ಕಟ್ಟಿ ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುತ್ತಿದ್ದಳು. ಮೋಟಾರು ಸುಟ್ಟಿತ್ತು. ಇದ್ದದ್ದು ಅದೊಂದೇ ಬೋರು. ನಾವು ಗಾಡಿ ಇಳಿಯುವಾಗಲೇ ಎದುರಿಗೆ ಬಂದಳು.

"ತಮ್ಮಾ, ಮೆಣಸಿನ ಅಗಿ ಬಾಡಾಕತ್ತಾವು. ನಾಳಿಗೆ ನೀರ ಬರ್ಲಿಲ್ಲಂದ್ರ ಎಲ್ಲಾ ಸುಟ್ಟ ಹೋಗ್ತಾವ ನೋಡು."

ನಮ್ಮ ಹತ್ತಿರ ಒಂದೇ ಕ್ಲಾಂಪು. ಎರಡನೆಯದರ ಬದಲು ಬೋರಿನ ಬಾಯಿಯಲ್ಲಿ ಪೈಪು ಹಿಡಿಯಲು ಕಾಕಾ ಪೈಪ್ ಪಾನಾ, ಅಂದರೆ ದೊಡ್ಡ ರೆಂಚು, ತೆಗೆದ.

"ಅಪ್ಪ ಸಾವ್ಕಾರ್ರು ಪಾನಾದಾಗ ಎಷ್ಟ ಬೋರ್ ಎತ್ಯಾರಲೇ," ಅಂದ.

"ಅವ್ರ ಕೈಯಾಗ ಬೆರಳ ಎಷ್ಟ ಉಳದಿದ್ವು ಕಾಕಾ?"

"ನಾ ಎಣಿಸಿಲ್ಲಪಾ."

ಮೊದಲ ಪೈಪುಗಳು ಹೇಗೋ ಬಂದವು. ಆಮೇಲೆ ಪಾನಾ ಜಾರಿತು. ಪೈಪು ಗೇಣುದ್ದ ಒಳಗೆ ಇಳಿದು, ಅದರ ತಲೆಯಲ್ಲಿ ಪೈಪು ಜೋಡಿಸುವ ಕಪ್ಲಿಂಗು ಪಾನಾಕ್ಕೆ ಸಿಕ್ಕಿ ನಿಂತಿತು. ಅದೂ ತಪ್ಪಿದ್ದರೆ ಪೈಪು, ಪಂಪು ಎಲ್ಲ ಪಾತಾಳಕ್ಕೆ ಹೋಗಿ ಬೋರೇ ಮುಚ್ಚುತ್ತಿತ್ತು. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಇದ್ದೊಂದು ಕ್ಲಾಂಪನ್ನು ಬೋರಿನ ಬಾಯಿಗೆ ಬಿಗಿದು ಪೈಪು ನಿಲ್ಲಿಸಿದೆವು. ಆದರೆ ಪೈಪನ್ನು ಮೇಲಕ್ಕೆ ಎಳೆಯಲು ಈಗ ಕ್ಲಾಂಪು ಇರಲಿಲ್ಲ.

ಸ್ಪೀಕರ್ ಹಾಕಿ ಸಣ್ಣವನಿಗೆ ಫೋನು ಹಚ್ಚಿದೆ.

"ನಮ್ಮಣ್ಣ ತನ್ನ ಬಾಯಿಲೆ ಕೇಳ್ಲಿ. ಈಗಿಂದೀಗ ಕಳಿಸ್ತೀನಿ," ಅಂದ.

ದೊಡ್ಡವನಿಗೆ ಹಚ್ಚಿದೆ. "ಅವನ್ನ ಕೇಳೂದಾ? ಪಾನಾ ಗಟ್ಟಿ ಹಿಡೀರಿ. ತಿಂದಿಲ್ಲೇನ ಬೆಳಿಗ್ಗೆ?" ಅಂದ.

ಎಲ್ಲ ಕೇಳಿಸಿಕೊಂಡ ಆಕೆ ನನ್ನನ್ನೇ ನೋಡಿದಳು. "ಅಪ್ಪನ ಚಪ್ಪಲಿನೂ ಒಬ್ಬರಿಗೊಂದ ಹಂಚ್ಕೊಂಡಾರೇನ?"

ನನಗೆ ನಗು ಬರಲಿಲ್ಲ. ಮೈ ಉರಿಯಿತು. ಇಬ್ಬರ ಹಟಕ್ಕೆ ಇವಳ ಬೋರು ಯಾಕೆ ಹಾಳಾಗಬೇಕು? ಅದು ಬಿದ್ದಿದ್ದರೆ 'ಆಳಿನ ಕೈ ಜಾರಿತು' ಎಂದು ಇಬ್ಬರೂ ಕೈ ತೊಳೆದುಕೊಳ್ಳುತ್ತಿದ್ದರು.

ನಮ್ಮಂತೆಯೇ ಬೋರ್ ರಿಪೇರಿ ಮಾಡುವ ಕುಷ್ಟಗಿಯವರ ತಂಡ ಅವತ್ತು ಮರಳಿ ಎಂಬ ಊರಿನ ಹತ್ತಿರ ಒಂದು ಅಕ್ಕಿ ಗಿರಣಿಯ ಬೋರಿಗೆ ಬಂದದ್ದು ಗೊತ್ತಿತ್ತು. ನಮ್ಮ ಗಿರಾಕಿಗಳನ್ನೆಲ್ಲ ಎಳೆದುಕೊಳ್ಳುತ್ತಿದ್ದವರು ಅವರೇ. ಕಾಕಾನನ್ನು ಬೋರಿನ ಹತ್ತಿರ ಕೂರಿಸಿ, ಆಕೆಯ ಬೈಕು ಇಸಿದುಕೊಂಡು ಹೋದೆ. ಅವರ ಮಾಲೀಕ ಗಿರಣಿಯ ನೆರಳಲ್ಲಿ ಗ್ರೀಸಿನ ಕೈಯಲ್ಲೇ ಬೀಡಿ ಸೇದುತ್ತಿದ್ದ. ಕೇಳಿದ ಕೂಡಲೇ ಹೆಚ್ಚಿಗಿದ್ದ ಒಂದು ಕ್ಲಾಂಪು ಕೊಟ್ಟ.

"ಕೆಲಸ ಮುಗದ ಮ್ಯಾಲೆ ತಂದ ಕೊಡು. ನಿಮ್ಮ ಸಾವ್ಕಾರ್ರಿಗೆ ನನ್ನ ಸಲಾಮ್ ಹೇಳು."

ಸಂಜೆಯೊಳಗೆ ಪಂಪು ಮೇಲೆ ಬಂತು. ಮರುದಿನ ಮೋಟಾರಿಗೆ ಹೊಸ ತಂತಿ ಸುತ್ತಿಸಿ ಇಳಿಸಿದೆವು. ಪೈಪಿನಿಂದ ಮೊದಲು ಕೆಂಪು ನೀರು, ಆಮೇಲೆ ತಿಳಿ ನೀರು. ಆಕೆ ನಮ್ಮ ಕಡೆ ತಿರುಗಿಯೂ ನೋಡದೆ ನೀರು ಹಾಕುವ ಝಾರಿ ಹಿಡಿದು ಪರದೆಯೊಳಗೆ ಓಡಿದಳು. ಅದು ನನಗೆ ಸಾಕಾಗಿತ್ತು.

ಕ್ಲಾಂಪು ವಾಪಸ್ ಮುಟ್ಟಿಸಿ ಭಾಗ್ಯನಗರಕ್ಕೆ ಬಂದೆವು. ಶೆಡ್ಡಿಗೆ ಕಾಲಿಟ್ಟದ್ದೇ ತಡ, ಕಾಕಾ ಬಾಯಿ ಬಿಟ್ಟ.

"ಕುಷ್ಟಗಿಯವ್ರು ಸಲಾಮ್ ಹೇಳ್ಯಾರ್ರಿ. ಕ್ಲಾಂಪ್ ಅವ್ರ ಕೊಟ್ಟಾರ್ರಿ, ಭಾಳ ಛಲೋ ಮನಶ್ಯಾ."

ದೊಡ್ಡವನು ಕುರ್ಚಿ ಬಿಟ್ಟು ಎದ್ದ. ತಗಡಿನ ಆ ಕಡೆಯಿಂದ ಸಣ್ಣವನೂ ಸುತ್ತಿಕೊಂಡು ಬಂದ.

"ಕೇಳಿದೇನೋ?" ಅಂದ ದೊಡ್ಡವನು ತಮ್ಮನಿಗೆ, ನನ್ನ ಕಡೆ ಬೆರಳು ಮಾಡಿ.

"ಕೇಳ್ದೆ ಅಣ್ಣಾ. ಮನಿ ಮರ್ಯಾದಿ ಮಾರಿ ಬಂದಾನ."

"ಇಂಥವ್ನ ಇಟ್ಕೋಬಾರ್ದು."

"ಹೂಂ ಅಣ್ಣಾ, ಇವತ್ತ ಬಿಡಿಸು."

ಪಾಲಾದ ಮೇಲೆ ಅಣ್ಣಾ ಎಂಬ ಮಾತು ಆ ಶೆಡ್ಡಿನಲ್ಲಿ ಕೇಳಿದ್ದು ಅದೇ ಮೊದಲು. ಬೋರು ಉಳಿಸುವುದಕ್ಕೆ ಹೊರಡದ ಮಾತು ನನ್ನನ್ನು ಓಡಿಸುವುದಕ್ಕೆ ಹೊರಟಿತ್ತು.

"ಮಾತ ಬಂತಲ್ರಿ," ಅಂದೆ. "ಇದ ಬಾಯಿಲೆ ನಿನ್ನೆ ಒಂದ ಕ್ಲಾಂಪ್ ಕೇಳಿದ್ರ ಏನಾಗ್ತಿತ್ರಿ?"

ಸಣ್ಣವನು ತಗಡಿನ ಆ ಕಡೆ ಹೋದ. ದೊಡ್ಡವನು ಬಾಗಿಲು ತೋರಿಸಿದ. ಕಾಕಾನನ್ನು ಮಾತ್ರ ಇಟ್ಟುಕೊಂಡರು.

ಈಗ ನಾನು ಕುಷ್ಟಗಿಯವರ ತಂಡದಲ್ಲಿದ್ದೇನೆ. ಮೊನ್ನೆ ಯಲಬುರ್ಗಾ ಕಡೆಯ ಒಂದು ಬೋರಿನಿಂದ ಕಾಕಾ ಫೋನು ಮಾಡಿದ. ಪಿಸುಮಾತು.

"ಲೇ, ನಿಮ್ಮ ಕ್ಲಾಂಪ್ ಖಾಲಿ ಐತೇನ?"

"ಸಾವ್ಕಾರ್ರು ಮಾತಾಡಾಕತ್ತಿದ್ರಲ್ಲ?"

"ಅವತ್ತ ಒಂದ ದಿನ ನೋಡಪಾ. ಮತ್ತ ಬಿಟ್ಟಾರ."

ಎರಡು ಬೈಗುಳ ಬಾಯಿಗೆ ಬಂದಿದ್ದವು. ಆದರೆ ಅವು ಕಾಕಾನಿಗೆ ಸೇರಬೇಕಾದವಲ್ಲ. ಮಾಲೀಕನಿಗೆ ಹೇಳಿ ಕ್ಲಾಂಪು ಚೀಲಕ್ಕೆ ಹಾಕಿದೆ.

"ನಾ ಬರೂಮಟ ಪಾನಾ ಮುಟ್ಟಬ್ಯಾಡ ಕಾಕಾ," ಎಂದು ಹೇಳಿ ಬೈಕಿಗೆ ಕಿಕ್ ಹೊಡೆದೆ.