ಗಂಗರತ್ನಮ್ಮ ಗಂಟೆ ಹೊಡೆದದ್ದು

ಯಲ್ದೂರಿನ ಗಂಗರತ್ನಮ್ಮನಿಗೆ ಎಣಿಸದೆ ಸುಮ್ಮನೆ ಕೂರಲು ಬರುವುದಿಲ್ಲ. ಬಸ್ಸು ಹತ್ತಿದರೆ ಎಷ್ಟು ಜನ ನಿಂತಿದ್ದಾರೆ, ಮದುವೆಗೆ ಹೋದರೆ ಎಷ್ಟು ಎಲೆ ಬಿತ್ತು, ಬೀಗರು ಬಂದರೆ ಕಾಫಿ ಮುಗಿಯುವಷ್ಟರಲ್ಲಿ ಎಷ್ಟು ಸುಳ್ಳು ಹೇಳಿದರು, ಎಲ್ಲಕ್ಕೂ ಆಕೆಯ ಹತ್ತಿರ ಲೆಕ್ಕವಿದೆ. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಮೂವತ್ತೆಂಟು ಬೇಸಿಗೆ ಕಾಯಿ ಎಣಿಸಿದ ಹೆಂಗಸು. ಈಗ ಬಿಡಿ, ಎಲ್ಲಾ ಟನ್ನಿನ ಮಾತು, ಲಾರಿಯನ್ನೇ ತೂಕಕ್ಕೆ ನಿಲ್ಲಿಸಿಬಿಡುತ್ತಾರೆ. ಆದರೆ ಉಪ್ಪಿನಕಾಯಿಗೆಂದು ನೂರರ ಲೆಕ್ಕದಲ್ಲಿ ಕೊಳ್ಳುವವರು ಇನ್ನೂ ಇದ್ದಾರೆ, ಅವರಿಗೆ ಗಂಗರತ್ನಮ್ಮನೇ ಬೇಕು.

ಎಡಗೈಗೆ ಎರಡು, ಬಲಗೈಗೆ ಮೂರು, ಸೇರಿದರೆ ಐದು ಕಾಯಿ, ಅದು ಒಂದು ಕೈ. ಎಣಿಕೆಯೆಲ್ಲ ತೆಲುಗಿನಲ್ಲಿ. ಮೊದಲನೆಯ ಕೈಗೆ ಒಂದು ಅನ್ನಬಾರದು, 'ಲಾಭಂ' ಅನ್ನಬೇಕು. ಆಮೇಲೆ ರೆಂಡು, ಮೂಡು. ಇಪ್ಪತ್ತು ಕೈಗೆ ನೂರು ಮುಗಿಯಿತು. ಮುಗಿದ ಮೇಲೆ ಇನ್ನೊಂದು ಕೈ ಎತ್ತಿ ಮೇಲೆ ಹಾಕಬೇಕು, ಅದು ಕೊಸರು. ಕೊಸರು ಹಾಕದೆ ಸೆರಗು ಕೊಡವಿಕೊಂಡು ಎದ್ದವಳಿಗೆ ಮಂಡಿಯಲ್ಲಿ ಮರ್ಯಾದೆಯಿಲ್ಲ. ಗಂಗರತ್ನಮ್ಮನ ಎಣಿಕೆ ತಪ್ಪಿತು ಎಂದು ಮೂವತ್ತೆಂಟು ವರ್ಷದಲ್ಲಿ ಒಬ್ಬನೇ ಒಬ್ಬ ವ್ಯಾಪಾರಿ ಹೇಳಿದ್ದಿಲ್ಲ.

ಇಂಥಾ ಅಜ್ಜಿಗೆ ಒಬ್ಬ ಮೊಮ್ಮಗಳು, ಚಂದನ, ಹತ್ತನೇ ಕ್ಲಾಸು. ಮಾವಿನ ಕಾಲ ಮುಗಿದು ಮಾರುಕಟ್ಟೆಯ ಸಿಮೆಂಟು ಅಂಗಳ ಖಾಲಿ ಬಿದ್ದಾಗ ಅಲ್ಲಿ ಕಾಲಿಗೆ ಚಕ್ರ ಕಟ್ಟಿಕೊಂಡು ಹಾರುವುದೇ ಅವಳ ಕೆಲಸ. ಕಲಿಸಿದವರು ಸ್ಕೂಲಿನ ಆಟದ ಮೇಷ್ಟ್ರು ಮುನೇಶ್. ಚಂದನಳ ಅಪ್ಪ ಮುರಳಿಮೋಹನನಿಗೆ ಮಾತ್ರ ಇದು ಕಣ್ಣಿಗೆ ಬಿದ್ದ ಖಾರದ ಪುಡಿ. ಅವನು ಕೊನೆಗೆ ಒಂದು ಮಾತು ಹೇಳಿಬಿಟ್ಟ: ಕೋಲಾರದಲ್ಲಿ ಅದೇನೋ ಅಂತಾರಾಷ್ಟ್ರೀಯ ಸ್ಕೇಟಿಂಗ್ ಸ್ಪರ್ಧೆ ಅಂತಲ್ಲ, ಅಲ್ಲಿ ಒಂದು ಪದಕ ತಂದರೆ ಸರಿ, ಇಲ್ಲದಿದ್ದರೆ ಆ ಚಕ್ರಗಳು ಗುಜರಿಗೆ. ಚಂದನ ಅತ್ತಳು, ಊಟ ಬಿಟ್ಟಳು. ಮುರಳಿಮೋಹನ ಅಲುಗಾಡಲಿಲ್ಲ, ಹಟದಲ್ಲಿ ಅವನು ತಾಯಿಯ ಮಗ.

ಸ್ಪರ್ಧೆ ನಡೆದದ್ದು ಕೋಲಾರದ ಹೊರಗೊಂದು ಹೊಸ ಬಡಾವಣೆಯಲ್ಲಿ. ಒಂದು ಮನೆಯೂ ಎದ್ದಿರಲಿಲ್ಲ, ರಸ್ತೆ ಮಾತ್ರ ಕನ್ನಡಿಯಂತಿತ್ತು. ಹತ್ತು ದೇಶ ಎಂದು ಬ್ಯಾನರಿನಲ್ಲಿತ್ತು, ಬಂದದ್ದು ನಾಲ್ಕು: ನೇಪಾಳ, ಶ್ರೀಲಂಕಾ, ಮಲೇಷ್ಯಾ, ಮತ್ತು ನಾವು. ಸುತ್ತು ಎಣಿಸಲು ಬೆಂಗಳೂರಿನಿಂದ ತರಿಸಿದ್ದ ಯಂತ್ರ ಎರಡನೇ ರೇಸಿಗೇ ಕಣ್ಣು ಮುಚ್ಚಿತು. ಸ್ವಯಂಸೇವಕರು ಮೂರು ಜನ ಮೊಬೈಲು ಹಿಡಿದು ಎಣಿಸಿದರು, ಮೂರು ಜನಕ್ಕೂ ಬೇರೆ ಬೇರೆ ಉತ್ತರ ಬಂತು. ಮುಖ್ಯ ತೀರ್ಪುಗಾರರು ತಲೆ ಹಿಡಿದುಕೊಂಡು ಕೂತರು.

ಆಗ ಮುನೇಶ್ ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಶಾಮಿಯಾನದ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ ಗಂಗರತ್ನಮ್ಮ. ಈ ಜಿಲ್ಲೆಯಲ್ಲಿ ಇವರಂತೆ ಎಣಿಸುವವರು ಇನ್ನೊಬ್ಬರಿಲ್ಲ ಎಂದು ಹೊಗಳಿ ಆಕೆಯನ್ನು ಗೆರೆಯ ಪಕ್ಕ ಕುರ್ಚಿ ಹಾಕಿ ಕೂರಿಸಿದರು. ಮುಂದಿನ ರೇಸಿನಲ್ಲಿ ಆಕೆಯ ಮೊಮ್ಮಗಳೇ ಓಡುತ್ತಾಳೆ ಎಂಬ ಸಣ್ಣ ವಿಷಯ ಮೇಷ್ಟ್ರಿಗೆ ಅದೇನೋ ಆ ಹೊತ್ತಿಗೆ ಮರೆತುಹೋಗಿತ್ತು. ಹತ್ತು ಸುತ್ತು, ಕಡೇ ಸುತ್ತು ಶುರುವಾಗುವಾಗ ಈ ಗಂಟೆ ಬಾರಿಸಬೇಕು ಎಂದು ವಿವರಿಸಿ, ಶಾಲೆಯ ಹಿತ್ತಾಳೆ ಗಂಟೆಯನ್ನು ಕೈಗೆ ಕೊಟ್ಟರು. ಹತ್ತು ಎಣಿಸಲಿಕ್ಕೆ ಇಷ್ಟೊಂದು ಪಾಠ ಬೇಕೇನಪ್ಪಾ ಎಂದು ಗಂಗರತ್ನಮ್ಮ ಮೂತಿ ತಿರುವಿದಳು.

ದೇಶಕ್ಕೊಬ್ಬಳಂತೆ ನಾಲ್ಕು ಹುಡುಗಿಯರು ಹೊರಟರು. ಎಲ್ಲರಿಗಿಂತ ಮುಂದಿದ್ದವಳು ಗೆರೆ ದಾಟಿದಾಗಲೆಲ್ಲ ಗಂಗರತ್ನಮ್ಮ ಗಟ್ಟಿಯಾಗಿ ಕೂಗಿದಳು. ಲಾಭಂ. ರೆಂಡು. ಮೂಡು. ಒಂಬತ್ತಾದಾಗ ಗಂಟೆ ಆಗಬೇಕಿತ್ತು, ಆಗಲಿಲ್ಲ. ತಾವೇ ಎಣಿಸಿಕೊಂಡಿದ್ದ ಮೂರು ಹುಡುಗಿಯರು ಗಂಟೆಗೆ ಕಾಯದೆ ಜೀವ ಬಿಟ್ಟು ಓಡಿದರು. ಮಲೇಷ್ಯಾದ ಕೆಂಪು ಟೋಪಿ ಹತ್ತನೇ ಸಲ ಎಲ್ಲರಿಗಿಂತ ಮೊದಲು ಗೆರೆ ದಾಟಿ ಎರಡೂ ಕೈ ಮೇಲೆತ್ತಿತು. 'ಪದಿ' ಎಂದು ಕೂಗಿದ ಗಂಗರತ್ನಮ್ಮ ಆಗ ಸಮಾಧಾನವಾಗಿ ಗಂಟೆ ಬಾರಿಸಿದಳು.

ಎಣಿಕೆ ಹತ್ತು ಮುಗಿಯಿತು, ಇನ್ನು ಕಡೆಯದು ಕೊಸರು. ಮೂವತ್ತೆಂಟು ವರ್ಷದ ಕೈ, ತನ್ನಷ್ಟಕ್ಕೆ ತಾನು ನಡೆಯಿತು. ಗಂಟೆ ಕೇಳಿದ ಕೆಂಪು ಟೋಪಿ ಕೈ ಇಳಿಸಿ, ಕಕ್ಕಾಬಿಕ್ಕಿಯಾಗಿ, ಮತ್ತೆ ಓಡಲು ನೋಡಿತು. ಕಾಲಿನಲ್ಲಿ ಕಸುವೇ ಇರಲಿಲ್ಲ. ಅಷ್ಟು ಹೊತ್ತು ನಾಲ್ಕನೆಯವಳಾಗಿ ಆರಾಮವಾಗಿ ಬರುತ್ತಿದ್ದ ಹಳದಿ ಟೋಪಿ ಮಾತ್ರ ಸರ್ರನೆ ನುಗ್ಗಿ, ಮೂವರನ್ನೂ ಹಿಂದೆ ಹಾಕಿ, ಹನ್ನೊಂದನೇ ಸುತ್ತು ಗೆದ್ದಿತು. ಹಳದಿ ಟೋಪಿ ಚಂದನ. ಗಂಟೆ ಅಜ್ಜಿಯ ಕೈಗೆ ಹೋದದ್ದನ್ನು ಕಂಡ ಗಳಿಗೆಯಲ್ಲೇ ಆ ಕಳ್ಳಿ ಒಂದು ಸುತ್ತಿನ ಶಕ್ತಿ ಎತ್ತಿಟ್ಟುಕೊಂಡಿದ್ದಳು.

ಗಲಾಟೆ ಎದ್ದಿತು. ಮಲೇಷ್ಯಾದ ಕೋಚ್ ಒಬ್ಬ ಗಟ್ಟಿಗಿತ್ತಿ ಹೆಂಗಸು, ಮನೆಮಾತು ತಮಿಳು. ಹನ್ನೊಂದು ಸುತ್ತು ಓಡಿಸಿದ್ದೀರಿ, ಹತ್ತಕ್ಕೇ ನಮ್ಮ ಹುಡುಗಿ ಗೆದ್ದಾಗಿತ್ತು ಎಂದು ಮೇಜು ಗುದ್ದಿದಳು. ವೀಡಿಯೊ ನೋಡೋಣವೆಂದರೆ ಕ್ಯಾಮೆರಾದವನು ಟೀ ಕುಡಿಯಲು ಹೋಗಿದ್ದ. ಕಡೆಗೆ ತೀರ್ಪುಗಾರರು ಗಂಗರತ್ನಮ್ಮನ ಎದುರು ಬಂದು ನಿಂತು, ನೀವು ಹೇಳಿದ್ದೇ ಲೆಕ್ಕ, ಒಟ್ಟು ಎಷ್ಟು ಸುತ್ತಾಯಿತು ಹೇಳಿ ಎಂದರು. ಅವರ ಬೆನ್ನ ಹಿಂದೆ ನಿಂತು ಮುನೇಶ್ ಮೇಷ್ಟ್ರು ಎರಡೂ ಕೈಯ ಬೆರಳು ಅಗಲಿಸಿ ಹತ್ತು, ಹತ್ತು ಎಂದು ತೋರಿಸುತ್ತಿದ್ದರು.

ಗಂಗರತ್ನಮ್ಮ ಗಂಟೆಯನ್ನು ಕುರ್ಚಿಯ ಕೆಳಗಿಟ್ಟಳು. ಬರೀ ಹತ್ತು ಎಂದುಬಿಟ್ಟರೆ ಚಿನ್ನ ಯಲ್ದೂರಿಗೆ ಬರುತ್ತದೆ, ಮಗನ ಬಾಯಿಗೆ ಬೀಗ ಬೀಳುತ್ತದೆ, ಮಗುವಿನ ಚಕ್ರ ಉಳಿಯುತ್ತದೆ. ಆ ಕಡೆ ಚಂದನ ಟೋಪಿ ಬಿಚ್ಚಿ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು. ಆದರೆ ಎಣಿಸಿದ್ದನ್ನು ಎಣಿಸಿಲ್ಲ ಎನ್ನಲು ಆ ನಾಲಿಗೆಗೆ ಅಭ್ಯಾಸವೇ ಇರಲಿಲ್ಲ.

"ಎಣಿಕೆ ಹತ್ತು ಸ್ವಾಮಿ, ಮೇಲೊಂದು ಕೊಸರು," ಎಂದಳು. "ಕೊಸರು ಲೆಕ್ಕಕ್ಕೆ ಸೇರಲ್ಲ. ಹತ್ತಕ್ಕೆ ಕೆಂಪು ಟೋಪಿ ಮೊದಲು, ಆಮೇಲೆ ಹಸಿರು, ಆಮೇಲೆ ಬಿಳಿ. ಹಳದಿ ನಾಲ್ಕನೇದು."

ತೀರ್ಪುಗಾರರಿಗೆ ಅರ್ಥವಾಗಲಿಲ್ಲ, ಮಲೇಷ್ಯಾದ ಕೋಚಿಗೆ ಥಟ್ಟನೆ ಆಯಿತು. ಅವರ ತಮಿಳಿನಲ್ಲೂ ಅದು ಕೊಸುರು ತಾನೆ. ಆಕೆ ನಗಲು ಬಾಯಿ ತೆರೆಯುವಷ್ಟರಲ್ಲಿ ಚಂದನ ದಡದಡ ಬಂದು, "ಅಜ್ಜೀ, ನಿನ್ನ ಬಾಯಿಗೆ ಮಣ್ಣು ಹಾಕ," ಎಂದು ಟೋಪಿಯನ್ನು ಅಜ್ಜಿಯ ಮಡಿಲಿಗೆ ಎಸೆದು ಹೋದಳು. ಎಣಿಸಿದಾಕೆ ಯಾರು, ನಾಲ್ಕನೆಯವಳು ಯಾರು ಎಂಬುದು ಆಗಲೇ ಜನಕ್ಕೆ ತಿಳಿದದ್ದು. ಮುನೇಶ್ ಮೇಷ್ಟ್ರು ಆಕಾಶ ನೋಡುತ್ತಾ ನಿಂತರು.

ಸಂಜೆ ಶ್ರೀನಿವಾಸಪುರದ ಬಸ್ಸಿನಲ್ಲಿ ಮೊಮ್ಮಗಳು ಮುಂದಿನ ಸೀಟಿನಲ್ಲಿ, ಅಜ್ಜಿ ಹಿಂದಿನ ಸೀಟಿನಲ್ಲಿ. ಮನೆಯಲ್ಲಿ ಮುರಳಿಮೋಹನ ಸುದ್ದಿ ಕೇಳಿ, ಗುಜರಿಯವನು ಯಾವ ವಾರ ಬರುತ್ತಾನೆ ಎಂದಷ್ಟೇ ಕೇಳಿದ. ಉಳಿದಿದ್ದದ್ದು ಮಾರನೇ ದಿನದ ಒಂದೇ ಒಂದು ರೇಸು, ಹದಿನೈದು ಸುತ್ತಿನದು. ತಪ್ಪು ಮಾಡಿದೆ ಎಂದು ಗಂಗರತ್ನಮ್ಮನಿಗೆ ಅನ್ನಿಸಲಿಲ್ಲ, ಆದರೂ ದುಃಖ ಒತ್ತರಿಸಿಕೊಂಡು ಬರುತ್ತಿತ್ತು.

ಮಾರನೇ ದಿನವೂ ಯಂತ್ರ ರಿಪೇರಿಯಾಗಿರಲಿಲ್ಲ. ರಿಪೇರಿಯವನು ಬೆಳಿಗ್ಗೆಯಿಂದ ಹೊಸಕೋಟೆ ದಾಟಿದೆ ಎಂದು ಫೋನಿನಲ್ಲಿ ಹೇಳುತ್ತಲೇ ಇದ್ದ. ಎಣಿಸುವವರು ಯಾರು ಎಂಬ ಮಾತು ಬಂದಾಗ ಮಲೇಷ್ಯಾದ ಕೋಚ್ ತಾನೇ ಎದ್ದು ನಿಂತು, ಸ್ವಂತ ಮೊಮ್ಮಗಳನ್ನು ನಾಲ್ಕಕ್ಕೆ ಇಳಿಸಿದ ಆ ಅಮ್ಮನೇ ಎಣಿಸಲಿ, ಬೇರೆ ಯಾರೂ ನಮಗೆ ಬೇಡ ಎಂದಳು. ಎಲ್ಲ ದೇಶಗಳೂ ಒಪ್ಪಿದವು. ಒಪ್ಪಿ, ಪಕ್ಕಕ್ಕೆ ಹೋಗಿ, ತಮ್ಮ ತಮ್ಮ ಹುಡುಗಿಯರ ಕಿವಿಯಲ್ಲಿ ಊದಿದವು: ಈ ಅಜ್ಜಿಯ ಹದಿನೈದು ಅಂದರೆ ಹದಿನಾರು, ಕೊನೆಗೆ ಉಸಿರು ಉಳಿಸಿಕೊಂಡಿರಿ.

ರೇಸು ಶುರುವಾಯಿತು. ಲಾಭಂ, ರೆಂಡು, ಮೂಡು. ಹತ್ತು ದಾಟಿತು, ಹನ್ನೆರಡು ದಾಟಿತು, ಮೂರು ದೇಶಗಳೂ ನಡೆದಾಡುವವರ ಹಾಗೆ ಹಾಯಾಗಿ ಬರುತ್ತಿದ್ದವು. ಹದಿಮೂರಕ್ಕೆ ಹಳದಿ ಟೋಪಿಯೊಂದೇ ಗುಂಪಿನಿಂದ ಕಿತ್ತುಕೊಂಡು ಹೊರಟಿತು. ಇದಕ್ಕೆ ಅವಸರ ಎಂದು ಉಳಿದವರು ಬಿಟ್ಟುಕೊಟ್ಟರು. ಹದಿನಾಲ್ಕು ಎಂದು ಕೂಗಿದ್ದೇ ಗಂಗರತ್ನಮ್ಮ ಗಂಟೆಯನ್ನು ಎತ್ತಿ, ಕೈ ನೋಯುವಷ್ಟು ಬಾರಿಸಿದಳು. ಹಿಂದಿನವರು ಎದ್ದೆವೋ ಬಿದ್ದೆವೋ ಎಂದು ನುಗ್ಗಿದರು. ಕೆಂಪು ಟೋಪಿಯ ಹುಡುಗಿಯ ಕಾಲು ಮನುಷ್ಯರ ಕಾಲಲ್ಲ, ಅಷ್ಟು ದೂರದಿಂದ ಬಂದೂ ಗೆರೆಯ ಹತ್ತಿರ ಒಂದು ಗೇಣು ಮುಂದಾಗಿಬಿಟ್ಟಳು. ಚಂದನ ಎರಡನೆಯವಳು. ಬೆಳ್ಳಿಯೂ ಪದಕವೇ, ಮುರಳಿಮೋಹನ ಬಣ್ಣ ಹೇಳಿರಲಿಲ್ಲ.

ಮಲೇಷ್ಯಾದ ಕೋಚ್ ತನ್ನ ಚಿನ್ನದ ಹುಡುಗಿಯನ್ನು ಬಿಟ್ಟು ನೇರ ಗಂಗರತ್ನಮ್ಮನ ಕುರ್ಚಿಯ ಬಳಿ ಬಂದಳು. ಇವತ್ತು ಕೊಸುರು ಎಲ್ಲಿ ಹೋಯಿತು ಎಂದು ಸೊಂಟದ ಮೇಲೆ ಕೈಯಿಟ್ಟು ತಮಿಳಿನಲ್ಲಿ ಕೇಳಿದಳು.

"ನಿನ್ನೆ ಎಣಿಕೆ ಮೇಲೆ ತಕರಾರು ಮಾಡಿದ್ದು ಯಾರಮ್ಮ?" ಎಂದಳು ಗಂಗರತ್ನಮ್ಮ, ತನ್ನ ಕನ್ನಡದಲ್ಲೇ. "ತಕರಾರು ಮಾಡ್ದೋರಿಗೆ ಕೊಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ."

ಕೋಚ್ ಚಂದನಳ ಕಡೆ ತಿರುಗಿ, ಇದು ನಿನಗೆ ಮೊದಲೇ ಗೊತ್ತಿತ್ತೇ, ನಿಮ್ಮಜ್ಜಿ ಹೇಳಿಕೊಟ್ಟಳೇ ಎಂದು ಗದರಿದಳು. ಹಿಂದಿನ ಸಂಜೆಯಿಂದ ಅಜ್ಜಿಯ ಜೊತೆ ಒಂದು ಮಾತೂ ಆಡದಿದ್ದ ಚಂದನ, ಪದಕ ಹಾಕಿಕೊಂಡ ಕತ್ತನ್ನು ಒಂದು ಸಲ ಅಜ್ಜಿಯ ಕಡೆ ತಿರುಗಿಸಿದಳು.

"ಹೇಳ್ಕೊಡೋದೇನು ಆಂಟಿ, ನಿನ್ನೆ ನಾನೂ ತಕರಾರು ಮಾಡಿದ್ನಲ್ಲ," ಎಂದಳು. "ದಿನಾ ಎರಡು ಮುದ್ದೆ ಮೇಲೆ ಅರ್ಧ ಹಾಕ್ತಿದ್ಲು. ರಾತ್ರಿ ಲೆಕ್ಕಕ್ಕೆ ಸರಿಯಾಗಿ ಎರಡೇ ಬಿತ್ತು."