ಹೂಂ ಅನ್ನದ ಮೇಡಂ

ಮೊನ್ನೆ ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಡಬ್ಬಿ ತೆರೆದು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಗಂಗಾವತಿಯಲ್ಲಿ ಬಿ.ಸಿ.ಎ. ಓದುವಾಗ ನಮಗೆ ಕಮ್ಯುನಿಕೇಶನ್ ಕಲಿಸುತ್ತಿದ್ದ ಮೇಡಂ ತರಗತಿಗೆ ಕಾಲಿಡುವ ಮೊದಲೇ ಈ ವಾಸನೆ ಒಳಗೆ ಬಂದಿರುತ್ತಿತ್ತು. ಎಷ್ಟು ವರ್ಷವಾಯಿತು...

ನಾವು ಸೇರಿದ್ದು ಕಂಪ್ಯೂಟರ್ ಕಲಿಯಲು. ಅದರಲ್ಲಿ ಮಾತಾಡುವುದನ್ನು ಕಲಿಸುವ ಪೇಪರ್ ಯಾಕೆ ಎಂಬುದೇ ನಮ್ಮ ಮೊದಲ ಅನುಮಾನ. ಎರಡನೆಯದು ಮೇಡಂ ಮೇಲೆ. ಅವರು ಮೈಸೂರು ಕಡೆಯವರು. ಒಬ್ಬರೇ ರೂಮು ಮಾಡಿಕೊಂಡಿದ್ದರು, ರಜೆಯಲ್ಲೂ ಊರಿಗೆ ಹೋಗುತ್ತಿರಲಿಲ್ಲ. ನಾವು ಏನಾದರೂ ಹೇಳುತ್ತಿದ್ದರೆ ಕಣ್ಣು ಕೀಲಿಸಿ ನೋಡುತ್ತ ಸುಮ್ಮನಿರುತ್ತಿದ್ದರು. ನಮ್ಮ ಕಡೆ ಒಬ್ಬರು ಮಾತಾಡುವಾಗ ಎದುರಿಗಿದ್ದವರು ನಡುನಡುವೆ ಹೂಂ ಅನ್ನಲೇಬೇಕು. ಅನ್ನದಿದ್ದರೆ ಸಿಟ್ಟಿನಲ್ಲಿದ್ದಾರೆ, ಇಲ್ಲವೇ ಹೊಟ್ಟೆಯೊಳಗೆ ಏನೋ ಇಟ್ಟುಕೊಂಡಿದ್ದಾರೆ ಎಂದೇ ಲೆಕ್ಕ.

‘ನಮ್ಮ ಮಾತೆಲ್ಲಾ ಪ್ರಿನ್ಸಿಪಾಲರಿಗೆ ಮುಟ್ಟಸ್ತಾರ ನೋಡು ಇವ್ರು,’ ಎಂದಳು ನಮ್ಮೂರು ನವಲಿಯಿಂದ ನನ್ನ ಜೊತೆ ಬಸ್ಸಿಗೆ ಬರುತ್ತಿದ್ದ ಗೆಳತಿ. ನಾನು ತಕ್ಷಣ ನಂಬಿದೆ. ಸಂಶಯ ಪಡುವುದರಲ್ಲಿ ನಮ್ಮ ಮನೆತನಕ್ಕೆ ಹೆಸರಿದೆ. ಅಪ್ಪ ಭತ್ತದ ಚೀಲ ಹೊಲಿದು ಮುಗಿಸಿದ ಮೇಲೂ ಬಿಚ್ಚಿ ಇನ್ನೊಮ್ಮೆ ಕೈಯಾಡಿಸುವವನು.

ಒಂದು ದಿನ ಮೇಡಂ ಮನೆಗೆಲಸ ಕೊಟ್ಟರು. ಮನೆಯ ಹಿರಿಯರೊಬ್ಬರ ಮಾತನ್ನು ಒಂದು ಸಲವೂ ಹೂಂ ಅನ್ನದೆ ಪೂರ್ತಿ ಕೇಳಬೇಕು, ಮರುದಿನ ಅದನ್ನು ತರಗತಿಯಲ್ಲಿ ಹೇಳಬೇಕು. ‘ಹೂಂ ಅನ್ನೋದು ಕೇಳಿಸಿಕೊಳ್ಳದೇ ಇರೋರ ಅಭ್ಯಾಸ,’ ಎಂದರು. ‘ಬಾಯಿ ಇಲ್ಲಿರುತ್ತೆ, ಮನಸ್ಸು ಎಲ್ಲೋ ಇರುತ್ತೆ.’

ನಮ್ಮ ಮನೆಯಲ್ಲಿ ಹಿರಿಯ ಎಂದರೆ ಅಪ್ಪನೊಬ್ಬನೇ. ಅವ್ವ ತೀರಿಕೊಂಡ ಮೇಲೆ ಉಳಿದವರು ನಾವಿಬ್ಬರು. ಸಂಜೆ ಕಟ್ಟೆಯ ಮೇಲೆ ಕೂತು ಅಪ್ಪ ಎಂದಿನಂತೆ ಕಾಲುವೆ ನೀರಿನ ಜಗಳದ ಕತೆ ತೆಗೆದ. ನಾನು ಅವನ ಕಣ್ಣನ್ನೇ ನೋಡುತ್ತ ತುಟಿ ಬಿಗಿಹಿಡಿದೆ. ಅವನ ಮಾತು ತಡವರಿಸಿತು. ಹೇಳಿದ್ದನ್ನೇ ಮತ್ತೆ ಹೇಳಿದ. ಕೊನೆಗೆ ನಿಲ್ಲಿಸಿಬಿಟ್ಟ.

‘ಯಾಕ, ಬಾಯಿ ಬಿದ್ದೈತೇನು? ಹೂಂ ಅನವಲ್ಲಿ. ಪೊಲೀಸ್ರಂಗ ನೋಡಾಕತ್ತಿ. ಏನ್ ಮುಚ್ಚಿಟ್ಟಿ ಹೇಳು.’

‘ಏನೂ ಇಲ್ಲಪ್ಪ. ಕಾಲೇಜಿನ್ಯಾಗ ಹಿಂಗ ಮಾಡ್ರಿ ಅಂದಾರ.’

ಅಲ್ಲಿಗೆ ಕೆಲಸ ಕೆಟ್ಟಿತು. ನಮ್ಮ ಓಣಿಯಿಂದ ಡಿಗ್ರಿಗೆ ಹೋದ ಮೊದಲ ಹುಡುಗಿ ನಾನು. ಯಾರಾದರೂ ಹುಡುಗ ತಲೆ ಕೆಡಿಸಿದರೆ ಎಂಬ ಭಯ ಅಪ್ಪನಿಗೆ ಮೊದಲಿನಿಂದ ಇತ್ತು. ‘ಹಂಗಾರ ಕಾಲೇಜ್ ಸಾಕು,’ ಎಂದು ಎದ್ದು ಹೋದ. ಮರುದಿನ ಬಸ್ಸು ಹಾರ್ನ್ ಹಾಕಿ ಮುಂದೆ ಹೋಯಿತು. ನಾನು ಚೀಲ ಹಿಡಿದು ಬಾಗಿಲಲ್ಲೇ ನಿಂತು ಅತ್ತೆ. ಅಪ್ಪನಿಗಿಂತ ಮೇಡಂ ಮೇಲೇ ನನಗೆ ಸಿಟ್ಟು ಬಂದದ್ದು.

ವಾರ ಕಳೆಯುವುದರೊಳಗೆ ಗೆಳತಿಯ ಜೊತೆ ಮೇಡಂ ನವಲಿಗೇ ಬಂದಿಳಿದರು. ನನ್ನ ಮೇಲೆ ದೂರು ಹೇಳಲು ಬಂದಿದ್ದಾರೆಂದೇ ತಿಳಿದೆ. ಅಪ್ಪ ‘ಬರ್ರಿ ಅಕ್ಕೋರ, ಕೂಡ್ರಿ’ ಎಂದು ಕುರ್ಚಿ ಹಾಕಿದ. ಅವರು ಕೂತರೋ ಇಲ್ಲವೋ, ಕಾಲುವೆ ನೀರು ಶುರುವಾಯಿತು. ಬಾಗಿಲ ಹಿಂದೆ ನಿಂತಿದ್ದ ನಾನು ಕಿವಿ ನಿಮಿರಿಸಿದೆ. ಮೇಡಂ ಹೂಂ ಅನ್ನುತ್ತಿದ್ದರು. ಒಂದಲ್ಲ, ಮಾತುಮಾತಿಗೂ ಹೂಂ, ಹೌದಾ, ಹೂಂ... ಕೇಳಿಸಿಕೊಳ್ಳದವರ ಅಭ್ಯಾಸ ಎಂದು ಹೇಳಿದವರು ಇವರೇ. ಕೇಳಿಸಿಕೊಳ್ಳದೆಯೇ ಹೂಂಗುಟ್ಟಿ ನನ್ನ ಅಪ್ಪನನ್ನು ಮರುಳು ಮಾಡುತ್ತಿದ್ದಾರೆ ಅನ್ನಿಸಿ ಮೈ ಉರಿಯಿತು. ಒಳಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ.

‘ನಾಳಿಂದ ಹೋಗವಾ ಕಾಲೇಜಿಗೆ,’ ಎಂದ.

ಮೇಡಂ ಜೊತೆ ಬಸ್ಸಿನ ತನಕ ನಡೆದೆ. ಅಪ್ಪನಿಗೆ ಏನು ಹೇಳಿದಿರಿ ಎಂದು ಕೇಳಿದೆ.

‘ನಾನೇನೂ ಹೇಳಲಿಲ್ಲ. ಅವರೇ ಹೇಳಿದ್ರು. ನಿಮ್ಮಮ್ಮ ಹೋದ ಮೇಲೆ ಅವರ ಮಾತಿಗೆ ಹೂಂ ಅನ್ನೋಕೆ ಇರೋದು ನೀನೊಬ್ಬಳೇ ಅಂತೆ. ನೀನೂ ಸುಮ್ಮನಾದೆ ಅಂತ ಹೆದರಿಬಿಟ್ಟಿದ್ದಾರೆ.’

ನಾನು ನಂಬಲಿಲ್ಲ. ನನ್ನಪ್ಪ ಹೀಗೆಲ್ಲ ಆಡುವವನಲ್ಲ. ಚೆಂದದ ಮಾತು ಹೊಂದಿಸುವುದು ಇವರ ಕೆಲಸವೇ ತಾನೇ, ಅಂದುಕೊಂಡೆ. ಆದರೂ ಆ ಸಂಜೆ ಅಪ್ಪನ ಪಕ್ಕ ಕೂತು ಹೂಂ ಅಂದೆ. ಕಾಲುವೆಯ ಜಗಳ ಕತ್ತಲಾಗುವವರೆಗೂ ನಡೆಯಿತು.

ಆ ವರ್ಷದ ಕೊನೆಗೆ ಮೇಡಂ ಕೆಲಸ ಬಿಟ್ಟು ಹೋದರು. ನನ್ನ ಡಿಗ್ರಿ ಮುಗಿಯಿತು, ಕೊಪ್ಪಳದಲ್ಲಿ ಕೆಲಸ ಸಿಕ್ಕಿತು, ಅಪ್ಪ ನನ್ನ ಮನೆಗೇ ಬಂದ. ಮೇಡಂ ಅವತ್ತು ಹೇಳಿದ್ದು ನಿಜವೋ ಕಟ್ಟಿದ್ದೋ ಎಂಬ ಸಂಶಯ ಮಾತ್ರ ಆಗಾಗ ಕುಟುಕುತ್ತಿತ್ತು. ಅಪ್ಪನನ್ನು ಕೇಳುವ ಧೈರ್ಯವಿರಲಿಲ್ಲ.

ಮೊನ್ನೆ ಬಸ್‌ಸ್ಟ್ಯಾಂಡಿನಿಂದ ಮನೆಗೆ ಬಂದವಳೇ ಗೆಳತಿಗೆ ಫೋನ್ ಮಾಡಿ ಮೇಡಂ ಎಲ್ಲಿದ್ದಾರೆ ಎಂದು ವಿಚಾರಿಸಿದೆ.

‘ನಿನಗ ಗೊತ್ತಿಲ್ಲೇನ? ಅವ್ರು ತೀರಿಕೊಂಡು ಭಾಳ ದಿನ ಆತು.’

ಇಷ್ಟು ದುಃಖವಾಗುತ್ತದೆಂದು ನಾನು ಎಣಿಸಿರಲಿಲ್ಲ. ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಹೆಗಲ ಮೇಲಿನ ಟವೆಲ್ ತೆಗೆದು ಮಡಿಚಿದ.

‘ಅವತ್ತ ಅಕ್ಕೋರ ಮುಂದ ಒಂದು ಮಾತು ಆಡಿದ್ದೆ. ಮಗಳಿಗೆ ಹೇಳಬ್ಯಾಡ್ರಿ ಅಂತ ಕೈ ಮುಗದಿದ್ದೆ. ಹೇಳಿದ್ರೇನು?’

‘ಇಲ್ಲಪ್ಪ,’ ಎಂದೆ.

‘ಛಲೋ ಹೆಣ್ಮಗಳು,’ ಎಂದ ಅಪ್ಪ. ಆಮೇಲೂ ಬಹಳ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದ, ನಂಬದವನ ಹಾಗೆ.