ಬಲ್ಜಾನ್ ಕೇಳದೆ ಬಿಟ್ಟ ಪ್ರಶ್ನೆ

ಬಲ್ಜಾನ್ ಹುಟ್ಟಿದ್ದು ಅಣುಬಾಂಬು ಸಿಡಿಸಿ ಪರೀಕ್ಷಿಸುತ್ತಿದ್ದ ಗುಡ್ಡಗಳಿಂದ ಐವತ್ತು ಕಿಲೋಮೀಟರು ದೂರದ ಹಳ್ಳಿಯಲ್ಲಿ. ಎಂಟು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ಶಾಲೆಯ ಮಕ್ಕಳನ್ನೆಲ್ಲ ಹೊರಗೆ ಕರೆದು ಹಳ್ಳದಲ್ಲಿ ಬೋರಲು ಮಲಗಿಸಿದರು. ಅವಳು ತಲೆ ಎತ್ತಿ ನೋಡಿಬಿಟ್ಟಳು. ಆಕಾಶದಲ್ಲಿ ಇನ್ನೊಬ್ಬ ಸೂರ್ಯ ಇದ್ದ. ಹತ್ತು ವರ್ಷ ಕಳೆದ ಮೇಲೆ ಅವಳ ಅಪ್ಪ ರಕ್ತದ ಕ್ಯಾನ್ಸರಿನಲ್ಲಿ ಹೋದ. ಆಮೇಲೆ ಅವಳು ಓದಿದ್ದು ರಕ್ತವನ್ನೇ.

ಸೆಮೇಯ್ ಪಟ್ಟಣದ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದಳು. ಹಳ್ಳಿಯವರ ರಕ್ತವನ್ನು ಮೂರು ದಿನ ಬೆಚ್ಚಗಿಟ್ಟು ಬೆಳೆಸಬೇಕು. ತಣ್ಣನೆಯ ಗಾಜಿನ ಮೇಲೆ ಹನಿ ಬೀಳಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ವರ್ಣತಂತುಗಳನ್ನು ಎಣಿಸಬೇಕು. ಒಂದೊಂದು ಜೀವಕೋಶದಲ್ಲಿ ನಲವತ್ತಾರು ಇರಬೇಕು. ಮುರಿದದ್ದು ಎಷ್ಟು, ಒಂದೇ ಸೊಂಟ ಇರಬೇಕಾದಲ್ಲಿ ಎರಡಿರುವುದು ಎಷ್ಟು, ಒಂದರ ತುಂಡು ಇನ್ನೊಂದಕ್ಕೆ ಅಂಟಿದ್ದು ಎಷ್ಟು ಎಂದು ಬರೆದುಕೊಳ್ಳಬೇಕು. ಆ ಬೆಳಕು ಕಂಡವರ ರಕ್ತದಲ್ಲಿ ಮುರುಕು ಇರುವುದು ಅವಳಿಗೆ ಗೊತ್ತೇ ಇತ್ತು. ಆ ಪೆಟ್ಟು ಮಕ್ಕಳಿಗೂ ದಾಟುತ್ತದೆಯೇ ಎಂಬುದನ್ನು ಮಾತ್ರ ಅವಳು ಹನ್ನೆರಡು ವರ್ಷದಿಂದ ಹುಡುಕುತ್ತಿದ್ದಳು. ಅರವತ್ತೊಂದು ಮನೆಗಳ ರಕ್ತ ನೋಡಿದ್ದಳು.

ಕೊನೆಗೆ ಸಿಕ್ಕಿತು. ಮಾಕೆನ್ ಎಂಬ ಐವತ್ತೆಂಟರ ಹೆಂಗಸಿಗೆ ಟೊಗ್ಜಾನ್ ಎಂಬ ಹನ್ನೆರಡರ ಕಿರಿಮಗಳು. ಹುಡುಗಿಯ ನೂರು ಜೀವಕೋಶ ನೋಡಿದರೆ ನೂರರಲ್ಲೂ ಅವೇ ಎರಡು ತಂತುಗಳ ತುಂಡು ಅದಲುಬದಲಾಗಿತ್ತು. ಅಂದರೆ ಅದು ಹುಟ್ಟಿನಿಂದಲೇ ಬಂದದ್ದು. ಮಾಕೆನ್ ಮತ್ತು ಅವಳ ಗಂಡನ ರಕ್ತದಲ್ಲಿ ಅಲ್ಲೊಂದು ಇಲ್ಲೊಂದು ಮುರುಕಿತ್ತು, ಈ ಅದಲುಬದಲು ಇರಲಿಲ್ಲ. ಹಾಗಾದರೆ ಹೆತ್ತವರ ಪೆಟ್ಟಿನಿಂದ ಇವಳಲ್ಲಿ ಹೊಸದಾಗಿ ಆದದ್ದೇ!

“ಶುಕ್ರವಾರ ವರದಿ ರಾಜಧಾನಿಗೆ ಹೋಗ್ಬೇಕು,” ಎಂದ ನಿರ್ದೇಶಕ ತುಲೆಗೆನ್. “ಇನ್ನು ಕೂದಲು ಸೀಳ್ತಾ ಕೂರಬೇಡಮ್ಮ.”

ಎರಡನೆಯ ಸಲ ರಕ್ತ ತೆಗೆಯದೆ ಅವಳು ಯಾವುದನ್ನೂ ಬರೆದವಳಲ್ಲ. ಭಾನುವಾರ ಮಾಕೆನ್‌ಳ ಮನೆಗೆ ಹೋದಳು. ಟೊಗ್ಜಾನ್‌ಳ ತೋಳಿಗೆ ಸೂಜಿ ಇಳಿದಾಗ ಮಾಕೆನ್ ಚಹಾ ಹೀರುತ್ತಲೇ ಇದ್ದಳು. ಚಹಾ ಬಗ್ಗಿಸುತ್ತಿದ್ದ ಸೊಸೆ ಉಲ್ಬೊಸಿನ್ ಮುಖ ತಿರುಗಿಸಿ ತಲೆವಸ್ತ್ರದ ಅಂಚು ಕಚ್ಚಿದಳು.

ಬಲ್ಜಾನ್ ಅದನ್ನು ಕಂಡು ಸೂಜಿ ಕೆಳಗಿಟ್ಟಳು. ಆ ಕಡೆ ಚೊಚ್ಚಲ ಮಗು ಅಜ್ಜ ಅಜ್ಜಿಯ ಪಾಲು. ಅವರೇ ಸಾಕುತ್ತಾರೆ, ಮಗು ಅಜ್ಜಿಯನ್ನೇ ಅಮ್ಮ ಎನ್ನುತ್ತದೆ. ಹೆತ್ತವರು ಯಾರು ಎಂದು ಯಾರೂ ಕೇಳುವುದಿಲ್ಲ, ಕೇಳಿದರೆ ಅಪಮಾನ. ಅವಳೂ ಅರವತ್ತೊಂದು ಮನೆಗಳಲ್ಲಿ ಕೇಳಿರಲಿಲ್ಲ.

“ಮಾಕೆನ್ ಆಪಾ,” ಎಂದು ಬಲ್ಜಾನ್ ಹಿರಿಯಕ್ಕನನ್ನು ಕರೆಯುವಂತೆ ಕರೆದಳು. “ಮುನಿಸ್ಕೋಬೇಡಿ. ಟೊಗ್ಜಾನ್ ನಿಮ್ಮ ಹೊಟ್ಟೇಲಿ ಹುಟ್ಟಿದವಳಾ?”

ಮಾಕೆನ್ ಬಟ್ಟಲು ಕುಕ್ಕಿದಳು. “ಪಟ್ಟಣ ಸೇರಿ ನಾಚಿಕೆ ಬಿಟ್ಯಾ? ನಿನ್ನ ಸಾಕಿದವಳನ್ನ ಯಾರಾದ್ರೂ ಹೀಗೆ ಕೇಳಿದ್ರಾ?”

“ಇಲ್ಲ ಆಪಾ. ನಾನೂ ಅಜ್ಜಿ ಮಡಿಲಲ್ಲೇ ಬೆಳೆದವಳು. ಅದಕ್ಕೇ ನನಗೂ ಕೇಳ್ಬೇಕು ಅನ್ನಿಸ್ಲಿಲ್ಲ.”

“ಎದೆಗವಚಿ ಬೆಳೆಸಿದವಳು ನಾನು. ತಾಯಿ ನಾನೇ. ಬರ್ಕೋ!”

“ತಾಯಿ ನೀವೇ. ನನಗೆ ಹೆತ್ತವರ ರಕ್ತಾನೂ ಬೇಕು.”

ಬಾಗಿಲ ಬಳಿ ಕುಳಿತಿದ್ದ ಮಗ, ಉಲ್ಬೊಸಿನ್‌ಳ ಗಂಡ ಎರ್‌ಸಾಯಿನ್ ನಕ್ಕ. “ಹೋಗ್ಲಿ ಬಿಡಮ್ಮ, ರಕ್ತ ತಾನೇ? ಕುದುರೆ ಕೊಡು ಅಂತಿಲ್ವಲ್ಲ.”

ಉಲ್ಬೊಸಿನ್ ಅಂಗಿಯ ತೋಳು ಮೇಲೇರಿಸಿಕೊಂಡು ಬಂದು ಗಂಡನ ಪಕ್ಕ ಕುಳಿತಳು.

ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೊರಟ ಬಲ್ಜಾನ್ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಅದಲುಬದಲು ಎರ್‌ಸಾಯಿನ್‌ನಲ್ಲಿದ್ದರೆ ಅವನ ಅಪ್ಪ ಅಮ್ಮನಲ್ಲಿ ಇಲ್ಲದ್ದರಿಂದ ಅದು ಅವನಲ್ಲೇ ಹೊಸದಾಗಿ ಆದದ್ದು, ಅವಳು ಕಂಡದ್ದು ಉಳಿಯುತ್ತದೆ. ಉಲ್ಬೊಸಿನ್‌ಳಲ್ಲಿದ್ದರೆ ಎಲ್ಲ ಬಿದ್ದುಹೋಗುತ್ತದೆ. ಅವಳ ತೌರಿನವರು ಗಡಿಯಾಚೆಯವರು, ಆ ಬೆಳಕನ್ನು ಕಂಡವರೇ ಅಲ್ಲ.

ಗುರುವಾರ ಮೊದಲು ಎರ್‌ಸಾಯಿನ್‌ನ ಗಾಜು ಇಟ್ಟಳು. ನಲವತ್ತಾರೂ ಸರಿಯಾಗಿದ್ದವು. ಇನ್ನೊಂದು ಜೀವಕೋಶ ನೋಡಿದಳು, ಮತ್ತೊಂದು ನೋಡಿದಳು. ನೂರು ಮುಗಿಯುವ ಹೊತ್ತಿಗೆ ಕತ್ತು ಸೆಟೆದಿತ್ತು. ಉಲ್ಬೊಸಿನ್‌ಳ ಗಾಜಿನಲ್ಲಿ ಮೊದಲ ಜೀವಕೋಶದಲ್ಲೇ ಅದು ಕಂಡಿತು. ಆದರೂ ನೂರನ್ನೂ ನೋಡಿಯೇ ಎದ್ದಳು.

“ಹನ್ನೆರಡು ವರ್ಷದ ಕೆಲಸ!” ತುಲೆಗೆನ್ ಬಾಗಿಲು ಹಾಕಿ ಬಂದ. “ಸೊಸೆ ಗಾಜು ನೀನೊಬ್ಬಳೇ ನೋಡಿರೋದು. ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಯ್ತಲ್ಲ. ಉಳಿದ ಅರವತ್ತು ಮನೇಲೂ ನಾನು ಕೇಳಿಲ್ಲ.”

“ಅದನ್ನ ಇನ್ನೊಬ್ಬರ ಮುಂದೆ ಅನ್ಬೇಡ! ಪ್ರಯೋಗಾಲಯಾನೇ ಮುಚ್ಚಿಸ್ತಾರೆ.”

“ಹೊಸ ವರದೀಲೇ ಬರೀತೀನಿ.”

ಅವಳು ರಾಜಧಾನಿಗೆ ಹೊರಟಿದ್ದ ವರದಿ ಹಿಂದಕ್ಕೆ ತೆಗೆದುಕೊಂಡಳು. ಶನಿವಾರ ಉಲ್ಬೊಸಿನ್‌ಳನ್ನು ಅಂಗಳಕ್ಕೆ ಕರೆದು, ರಕ್ತದಲ್ಲಿ ಏನಿದೆ, ಮತ್ತೆ ಬಸಿರಾದರೆ ಯಾವ ವೈದ್ಯರ ಹತ್ತಿರ ಹೋಗಬೇಕು ಎಂದು ಎರಡೆರಡು ಸಲ ಹೇಳಿದಳು. ಅಲ್ಲಿಂದ ಉಳಿದ ಅರವತ್ತು ಮನೆಗಳ ಪಟ್ಟಿಯಲ್ಲಿದ್ದ ಮೊದಲ ಮನೆಗೆ ನಡೆದಳು. ಮನೆಯ ಮುದುಕ ಬ್ರೆಡ್ಡು ಮುರಿದು ಅವಳ ಮುಂದಿಟ್ಟ. ಅವಳು ಚಹಾ ಬಟ್ಟಲು ಮುಟ್ಟುವ ಮೊದಲೇ ಆ ಮನೆಯ ಮಗುವನ್ನು ಹೆತ್ತವರು ಯಾರು ಎಂದು ಕೇಳಿದಳು.

ಮುದುಕ ಕೈಯಲ್ಲುಳಿದಿದ್ದ ಬ್ರೆಡ್ಡು ಕೆಳಗಿಟ್ಟ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನು ಕೂಗಿದ.